ಟಿ ಮಾಡೆಲ್ ಫೋರ್ಡ್: ಮೂರನೇ ಸಿಲಿಂಡರಿನಲ್ಲಿ ದಮ್ಮೇ ಇಲ್ಲ. ವಾಲ್ವೋ, ರಿಂಗೋ?

ಮೈಸೂರು_ಟೂರರ್:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1926ರ ಟಿ ಮಾಡೆಲ್ ಫೋರ್ಡ್ ಟೂರರ್ ಇದೆ. ತಾತನ ಕಾಲದ್ದು. ಸಮತಟ್ಟು ರಸ್ತೆಯಲ್ಲಿ ಚೆನ್ನಾಗೇ ಓಡುತ್ತದೆ. ಚಾಮುಂಡಿ ಬೆಟ್ಟದ ಏರು ಸಿಕ್ಕರೆ ಮಾತ್ರ ಸುಸ್ತಾಗುತ್ತದೆ, ಲೋ ಗೇರಿನ ಪೆಡಲ್ ತುಳಿದುಕೊಂಡೇ ಹತ್ತಿಸಬೇಕು. ನಿಂತಲ್ಲಿ ಓಡುವಾಗ ಸೈಲೆನ್ಸರ್ ಕಡೆಯಿಂದ ಒಂದೇ ಲಯದಲ್ಲಿ ಚಫ್, ಚಫ್ ಅಂತ ಸದ್ದು. ಹ್ಯಾಂಡಲ್ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಮೂರು ಸಲ ಕೈಗೆ ಗಟ್ಟಿ ತಡೆ ಸಿಗುತ್ತದೆ, ನಾಲ್ಕನೇ ಸಲ ಸಲೀಸಾಗಿ ಜಾರಿ ಹೋಗುತ್ತದೆ. ಗ್ಯಾರೇಜಿನವರು "ಬೋರ್ ಮಾಡಿಸಿ (ಸಿಲಿಂಡರ್ ಒಳಗೆ ಕೊರೆಸಿ), ಹೊಸ ಪಿಸ್ಟನ್ ಹಾಕಿಸಿ" ಅಂತಿದ್ದಾರೆ. ನೂರು ವರ್ಷ ಬಾಳಿದ ಬ್ಲಾಕಿಗೆ ಸುಮ್ನೆ ಕೈ ಹಾಕಿಸೋಕೆ ಮನಸ್ಸಿಲ್ಲ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚೋ ಮೊದಲೇ, ದಮ್ಮು ಸೋರುತ್ತಿರೋದು ಗಾಳಿ-ಹೊಗೆಯ ದಾರಿ ತೆರೆದು ಮುಚ್ಚೋ ವಾಲ್ವಿನಲ್ಲೋ, ಪಿಸ್ಟನ್ ಸುತ್ತಿನ ರಿಂಗಿನಲ್ಲೋ ಅಂತ ಗೊತ್ತು ಮಾಡಿಕೊಳ್ಳೋ ದಾರಿ ಇದೆಯಾ?

ಜೆಸಿರೋಡ್_ವಾಸಿ:
ಬೋರಿಂಗ್ ಮಾತು ಈಗಲೇ ಬೇಡ ಸಾರ್. ರಿಂಗ್ ಸವೆದರೆ ಸಾಮಾನ್ಯವಾಗಿ ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಟ್ಟಿಗೇ ಇಳಿಯುತ್ತವೆ. ಮೂರು ಗಟ್ಟಿ ಇದ್ದು ಒಂದೇ ಸತ್ತಿದೆ ಅಂದರೆ ಮೊದಲ ಅನುಮಾನ ವಾಲ್ವ್ ಮೇಲೆ, ಆಮೇಲೆ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಮೇಲೆ.

ಮಿಷಿಗನ್_ಕನ್ನಡತಿ:
ಟಿ ಮಾಡೆಲಿಗೆ ಒಂದು ಸುಲಭದ ಪರೀಕ್ಷೆ ಇದೆ, ಫೋರ್ಡ್ ಕಂಪನಿಯ ಅಂದಿನ ಕೈಪಿಡಿಯಲ್ಲೇ ಇತ್ತು. ಬೇರೆ ಗಾಡಿಗಳಲ್ಲಿ ಇದು ಆಗಲ್ಲ, ಟಿಯಲ್ಲಿ ಪ್ರತಿ ಸಿಲಿಂಡರಿಗೂ ಪ್ಲಗ್ಗಿಗೆ ಕಿಡಿ ಕೊಡುವ ಒಂದೊಂದು ಕಾಯಿಲ್, ಅದರ ಮೇಲೆ ಗುಂಯ್‌ಗುಡುವ ಒಂದು ಪಟ್ಟಿ ಇರುವುದರಿಂದ ಆಗುತ್ತದೆ. ಎಂಜಿನ್ ಸ್ವಲ್ಪ ಜೋರಾಗಿ ಓಡಲಿ. ಕಾಯಿಲ್ ಪೆಟ್ಟಿಗೆಯ ಮುಚ್ಚಳ ತೆಗೆದು 1 ಮತ್ತು 4ರ ಪಟ್ಟಿಗಳನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಆಗ 2 ಮತ್ತು 3 ಮಾತ್ರ ಓಡುತ್ತವೆ. ಅವು ಸರಿಯಾಗಿ ಹೊಡೆದರೆ ತೊಂದರೆ 1 ಅಥವಾ 4ರಲ್ಲಿ. ಹೊಡೆಯದಿದ್ದರೆ 1, 4 ಬಿಟ್ಟು 2, 3 ಒತ್ತಿ ನೋಡಿ. ಆಮೇಲೆ ಮೂರು ಪಟ್ಟಿ ಒತ್ತಿ ಒಂದನ್ನೇ ಓಡಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಸಿಕ್ಕ ಮೇಲೆ ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ಮಿಸ್ಸಿಂಗ್ (ಸಿಲಿಂಡರ್ ಹೊಡೆಯದಿರುವುದು) ಕಾಯಿಲಿನ ಜೊತೆ ಹೋದರೆ ವಾಲ್ವ್ ತಂಟೆ ಬೇಡ. ಅಲ್ಲೇ ಉಳಿದರೆ ಪ್ಲಗ್ ಬದಲಿಸಿ. ಆಗಲೂ ಅಲ್ಲೇ ಇದ್ದರೆ ಮಾತ್ರ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಕಡೆ ತಿರುಗಿ. ಈ ಕ್ರಮ ಬಿಟ್ಟು ನೇರ ಹೆಡ್ಡಿಗೆ ಕೈ ಹಾಕುವವರನ್ನು ಇಲ್ಲೂ ಬೇಕಾದಷ್ಟು ನೋಡಿದ್ದೇನೆ.

ಪದ್ಮಿನಿ_ಪಕ್ಕಾ:
ಇಷ್ಟೆಲ್ಲ ಯಾಕೆ? ಹೊಗೆ ನೋಡಿ ಸಾಕು. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ (ವಾಲ್ವಿನ ಕಾಂಡ ಓಡಾಡುವ ತೂತು) ಸವೆದಿದೆ. ಹೊಗೆ ಇಲ್ಲ ಅಂದರೆ ಗೈಡ್ ಸರಿ ಇದೆ.

ಸೆವೆನ್_ಪ್ರೇಮಿ:
ಅದು ನಿಮ್ಮ ಪದ್ಮಿನಿಗೆ ಸರಿ, ಅಂಬಾಸಿಡರ್‌ಗೂ ಸರಿ. ಅವುಗಳಲ್ಲಿ ವಾಲ್ವ್ ಮೇಲೆ ಹೆಡ್ಡಿನಲ್ಲಿದೆ, ರಾಕರಿಗೆ ಬಂದ ಆಯಿಲ್ ಗೈಡಿನ ಮೂಲಕ ಕೆಳಗೆ ಇಳಿಯುತ್ತದೆ. ಟಿ ಮಾಡೆಲ್, ಆಸ್ಟಿನ್ ಸೆವೆನ್, ಎ ಮಾಡೆಲ್ ಎಲ್ಲ ಸೈಡ್ ವಾಲ್ವ್. ವಾಲ್ವ್ ಬ್ಲಾಕಿನಲ್ಲೇ ತಲೆ ಮೇಲೆ ಮಾಡಿ ನಿಂತಿರುತ್ತದೆ, ಗೈಡ್ ಅದರ ಕೆಳಗೆ. ಆಯಿಲ್ ಮೇಲಿಂದ ಸುರಿಯುವ ಪ್ರಶ್ನೆಯೇ ಇಲ್ಲ. ಇವುಗಳಲ್ಲಿ ಇನ್ಲೆಟ್ ಗೈಡ್ ಸವೆದರೆ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ, ಮಿಶ್ರಣ ತೆಳ್ಳಗಾಗುತ್ತದೆ, ನಿಂತಲ್ಲಿ ಎಂಜಿನ್ ಕುಂಟುತ್ತದೆ, ಸ್ಪೀಡ್ ಕೊಟ್ಟರೆ ಸರಿಹೋಗುತ್ತದೆ. ಹೊಗೆ ಇಲ್ಲ ಅಂತ ಗೈಡಿಗೆ ಪಾಸ್ ಮಾರ್ಕ್ಸ್ ಕೊಡೋಕೆ ಆಗಲ್ಲ.

ಪದ್ಮಿನಿ_ಪಕ್ಕಾ:
ಸೈಡ್ ವಾಲ್ವ್ ಗಾಡಿಗಳೂ ನೀಲಿ ಹೊಗೆ ಬಿಡೋದು ಕಣ್ಣಾರೆ ನೋಡಿದ್ದೀನಿ.

ಸೆವೆನ್_ಪ್ರೇಮಿ:
ಬಿಡುತ್ತವೆ, ಇಲ್ಲ ಅಂದವರು ಯಾರು? ಅದರಲ್ಲಿ ಹೆಚ್ಚಿನ ಪಾಲು ರಿಂಗಿನದ್ದು, ಇಲ್ಲವೇ ಆಯಿಲ್ ಜಾಸ್ತಿ ತುಂಬಿಸಿದ್ದು. ನಾನು ಹೇಳಿದ್ದು ಹೊಗೆ ನೋಡಿ ವಾಲ್ವ್ ತೀರ್ಮಾನ ಮಾಡಬಾರದು ಅಂತ.

ಹೊಸಬ_99:
ಗೊತ್ತಿಲ್ಲದೆ ಕೇಳ್ತೀನಿ, ಹೆಡ್ ಬಿಚ್ಚಿದರೆ ಏನು ಕಷ್ಟ? ಹದಿನೈದು ಬೋಲ್ಟ್ ಅಷ್ಟೇ ಅಲ್ವಾ?

ಹುಬ್ಬಳ್ಳಿ_ಲೇತ್:
ಬಿಚ್ಚೂದು ಅರ್ಧ ತಾಸಿನ ಕೆಲಸ ಐತ್ರಿ. ಆದರೆ ನೂರು ವರ್ಷದ ಬೋಲ್ಟ್ ಒಂದು ಒಳಗೆ ಮುರಿದರೆ ಅದನ್ನು ತೆಗೆಯೋದೇ ಒಂದು ದೊಡ್ಡ ಕೆಲಸ. ಇನ್ನೊಂದು ವಿಷಯ: ಹೆಡ್ ತೆಗೆದ ಮೇಲೆ ಸೋರಿಕೆ ಎಲ್ಲಿತ್ತು ಅಂತ ಹೇಳುವ ಸಾಕ್ಷಿ ಅರ್ಧ ಹೋಗುತ್ತದೆ. ವಾಲ್ವ್ ನೋಡಿದರೆ ಎಲ್ಲ ಕಪ್ಪಾಗೇ ಇರುತ್ತವೆ. ಮೊದಲು ಹೊರಗಿನಿಂದ ಅಳತೆ, ಆಮೇಲೆ ಸ್ಪ್ಯಾನರ್. ನಮ್ಮ ಅಂಗಡಿಗೆ ಬ್ಲಾಕ್ ಹೊತ್ತುಕೊಂಡು ಬಂದು "ಬೋರ್ ಮಾಡ್ರಿ" ಅನ್ನೋರಿಗೆ ನಾನು ಕೇಳೋ ಮೊದಲ ಪ್ರಶ್ನೆ, ಕಂಪ್ರೆಷನ್ ಎಷ್ಟಿತ್ತು? ಬಹಳ ಮಂದಿ ಹತ್ತಿರ ಉತ್ತರ ಇರಂಗಿಲ್ಲ.

ಮೈಸೂರು_ಟೂರರ್:
ಕಾಯಿಲ್ ಪರೀಕ್ಷೆ ಮಾಡಿದೆ ಮೇಡಂ. ಮೂರನೇ ಸಿಲಿಂಡರ್. ಕಾಯಿಲ್ ಬದಲಿಸಿದರೂ ಅಲ್ಲೇ, ಪ್ಲಗ್ ಬದಲಿಸಿದರೂ ಅಲ್ಲೇ. ಈಗ ಕಂಪ್ರೆಷನ್ ಗೇಜ್ ತಂದಿದ್ದೇನೆ, ಆದರೆ ಅದು ಈ ಪ್ಲಗ್ ತೂತಿಗೆ ಕೂರುತ್ತಲೇ ಇಲ್ಲ.

ಜೆಸಿರೋಡ್_ವಾಸಿ:
ಕೂರಲ್ಲ. ಈಗಿನ ಗೇಜುಗಳೆಲ್ಲ 14 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಪ್ಲಗ್ಗಿಗೆ ಮಾಡಿದವು. ಟಿಗೆ ಅರ್ಧ ಇಂಚಿನ ಪೈಪ್ ಥ್ರೆಡ್, ಅದೂ ಮೊನಚಾಗಿ ಹೋಗುವ ಅಮೆರಿಕನ್ ಥ್ರೆಡ್. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಅರ್ಧ ಇಂಚು ನಿಪ್ಪಲ್ ತಗೊಂಡು ಅಡಾಪ್ಟರ್ ಮಾಡಿಕೊಳ್ಳಿ.

ಹುಬ್ಬಳ್ಳಿ_ಲೇತ್:
ಬ್ಯಾಡ್ರಿ! ನಮ್ಮ ನಲ್ಲಿ ಅಂಗಡಿಯಲ್ಲಿ ಸಿಗೋದು ಬ್ರಿಟಿಷ್ ಪೈಪ್ ಥ್ರೆಡ್. ಅರ್ಧ ಇಂಚಿನ ಸೈಜಿನಲ್ಲಿ ಎರಡಕ್ಕೂ ಇಂಚಿಗೆ 14 ಹಲ್ಲು, ಅದಕ್ಕೇ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಹೊಂದಿತು ಅನ್ನಿಸುತ್ತದೆ. ಆದರೆ ಹಲ್ಲಿನ ಕೋನ ಬೇರೆ, ಬ್ರಿಟಿಷ್‌ದು 55 ಡಿಗ್ರಿ, ಅಮೆರಿಕದ್ದು 60. ದಪ್ಪವೂ ಸ್ವಲ್ಪ ಬೇರೆ. ಪಾನಾ ಹಾಕಿ ಬಿಗಿದರೆ ಹೆಡ್ಡಿನ ಥ್ರೆಡ್ ಹಾಳು. ಹಳೇ ಟಿ ಪ್ಲಗ್ ಒಂದು ಹುಡುಕಿ, ಪಿಂಗಾಣಿ ಒಡೆದು ತೆಗೆಯಿರಿ, ಉಳಿದ ಕಬ್ಬಿಣದ ಚಿಪ್ಪಿಗೆ ಗೇಜ್ ಪೈಪಿನ ತುದಿ ಬ್ರೇಜಿಂಗ್ ಮಾಡಿಸಿ. ಜೀವಮಾನ ಬಾಳುತ್ತದೆ.

ಇನ್ನೊಂದು, 300 ಪೌಂಡ್ (ಚದರ ಇಂಚಿಗೆ) ಗೇಜ್ ತಗೊಂಡಿದ್ದರೆ ವಾಪಸ್ ಕೊಡಿ. ಟಿಯಲ್ಲಿ ಬರೋದೇ 40, 50, ಮುಳ್ಳು ಮೂಲೆಯಲ್ಲೇ ಅಲ್ಲಾಡುತ್ತದೆ. ಸೊನ್ನೆಯಿಂದ 100ರ ಗೇಜ್ ಬೇಕು.

ಹೊಸಬ_99:
40 ಅಂದರೆ ತುಂಬ ಕಡಿಮೆ ಅಲ್ವಾ? ನಮ್ಮ ಕಾರಲ್ಲಿ 170 ಇತ್ತು.

ಫಿಸಿಕ್ಸ್_ಮೇಷ್ಟ್ರು:
ಟಿ ಮಾಡೆಲಿನ ಕಂಪ್ರೆಷನ್ ಅನುಪಾತ ಸುಮಾರು 4ಕ್ಕೆ 1. ಈಗಿನ ಕಾರುಗಳದ್ದು 10ಕ್ಕೆ 1ರ ಆಸುಪಾಸು. 2.9 ಲೀಟರ್ ಎಂಜಿನ್ನಿನಿಂದ ಬರೀ 20 ಅಶ್ವಶಕ್ತಿ ತೆಗೆಯುತ್ತಿದ್ದರು, ಅದೂ 1600 ಸುತ್ತಿನಲ್ಲಿ. ಆ ಕಾಲದ ಪೆಟ್ರೋಲಿಗೆ ಅದಕ್ಕಿಂತ ಜಾಸ್ತಿ ಒತ್ತಿದರೆ ಟಕಟಕ ಅಂತ ನಾಕ್ ಹೊಡೆಯುತ್ತಿತ್ತು.

ಇನ್ನೊಂದು ಮಾತು ನೆನಪಿರಲಿ. ಅಮೆರಿಕದ ಪುಸ್ತಕದಲ್ಲಿ ಓದಿದ ಅಂಕಿ ಸಮುದ್ರಮಟ್ಟದ್ದು. ಮೈಸೂರು 760 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 920. ಗಾಳಿಯೇ ತೆಳು. ಗೇಜ್ ಮೈಸೂರಿನಲ್ಲಿ ಶೇಕಡಾ 8-9, ಬೆಂಗಳೂರಿನಲ್ಲಿ ಶೇಕಡಾ 10ರಷ್ಟು ಕಡಿಮೆ ತೋರಿಸುತ್ತದೆ. ಮಂಗಳೂರಿನಲ್ಲಿ 55 ಬಂದ ಎಂಜಿನ್ ಬೆಂಗಳೂರಿನಲ್ಲಿ 50 ಬಂದರೆ ಏನೂ ಕೆಟ್ಟಿಲ್ಲ. ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜಿಗೂ ಇದೇ ಲೆಕ್ಕ, ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು (ಪಾದರಸದ ಅಳತೆ) ಕಡಿಮೆ. ಪುಸ್ತಕದಲ್ಲಿ 18 ಇಂಚು ಅಂತ ಇದ್ದರೆ ಬೆಂಗಳೂರಿನಲ್ಲಿ 15 ಬಂದಿದ್ದಕ್ಕೆ ಗಾಬರಿಯಾಗಿ ಎಂಜಿನ್ ಬಿಚ್ಚಬೇಡಿ.

ಆದ್ದರಿಂದ ಬರೀ ಅಂಕಿ ನೋಡಬೇಡಿ. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹೋಲಿಸಿ.

ಸೆವೆನ್_ಪ್ರೇಮಿ:
ಮೇಷ್ಟ್ರು ಸರಿಯಾಗಿ ಹೇಳಿದರು. ನಾನು ಮಂಗಳೂರಲ್ಲಿರೋದು. ನನ್ನ ಸೆವೆನ್ ಶಿರಾಡಿ ಹತ್ತಿದ ಮೇಲೆ ಗೇಜಿನಲ್ಲಿ ಬೇರೆಯೇ ಅಂಕಿ ತೋರಿಸುತ್ತದೆ. ಪರೀಕ್ಷೆ ಮಾಡುವಾಗ ಎಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಹೊರಗಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಥ್ರಾಟಲ್ ಮುಚ್ಚಿಟ್ಟು ಅಳೆದು ಕಂಪ್ರೆಷನ್ ಇಲ್ಲ ಅನ್ನೋರೇ ಜಾಸ್ತಿ.

ಮಿಷಿಗನ್_ಕನ್ನಡತಿ:
ಹ್ಯಾಂಡಲಿನಿಂದ ತಿರುಗಿಸುವುದಾದರೆ ಇಗ್ನಿಷನ್ ಆಫ್ ಇದೆಯಾ ಅಂತ ಎರಡು ಸಲ ನೋಡಿ, ಸ್ಪಾರ್ಕ್ ಲಿವರ್ ಪೂರ್ತಿ ಮೇಲಿರಲಿ. ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ, ಹಿಡಿಗೆ ಸುತ್ತಿಕೊಳ್ಳಬೇಡಿ. ಎಡಗೈಯಿಂದ ಮೇಲಕ್ಕೆ ಎಳೆಯಿರಿ, ಕೆಳಕ್ಕೆ ತಳ್ಳಬೇಡಿ. ವಾಪಸ್ ಒದ್ದರೆ ಮಣಿಕಟ್ಟು ಮುರಿಯುತ್ತದೆ.

ಮೈಸೂರು_ಟೂರರ್:
ಹುಬ್ಬಳ್ಳಿಯವರ ಹಾಗೆ ಹಳೇ ಪ್ಲಗ್ಗಿನ ಚಿಪ್ಪಿಗೆ ಬ್ರೇಜ್ ಮಾಡಿಸಿದೆ, ಗಟ್ಟಿಯಾಗಿ ಕೂತಿತು. ಅಳತೆ ಇಲ್ಲಿದೆ: ಒಂದು 48, ಎರಡು 46, ಮೂರು 22, ನಾಲ್ಕು 45. ಆಮೇಲೆ ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ: 54, 53, 24, 51.

ಜೆಸಿರೋಡ್_ವಾಸಿ:
ತೀರ್ಪು ಬಂತು. ಆಯಿಲ್ ಹಾಕಿದಾಗ ರಿಂಗಿನ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಉಳಿದ ಮೂರೂ ಆರೇಳು ಪೌಂಡ್ ಏರಿದವು. ಮೂರನೆಯದು ಎರಡೇ ಏರಿತು. ಸೋರುತ್ತಿರೋದು ರಿಂಗಲ್ಲ, ವಾಲ್ವ್. ಬೋರಿಂಗ್ ದುಡ್ಡು ಉಳೀತು.

ಸೆವೆನ್_ಪ್ರೇಮಿ:
ಸ್ವಲ್ಪ ತಡೀರಿ. ಸೈಡ್ ವಾಲ್ವ್ ಎಂಜಿನ್ನಿನಲ್ಲಿ ಪ್ಲಗ್ ತೂತು ಪಿಸ್ಟನ್ ಮೇಲೆ ನೇರ ಇರಲ್ಲ, ವಾಲ್ವ್ ಕಡೆಗೆ ಇರುತ್ತದೆ. ಚಮಚದಲ್ಲಿ ಬಿಟ್ಟ ಆಯಿಲ್ ಪಿಸ್ಟನ್ ಮುಟ್ಟದೆ ವಾಲ್ವ್ ತಲೆ ಮೇಲೇ ನಿಂತುಬಿಡಬಹುದು. ಆಗ ರಿಂಗ್ ಹೋಗಿದ್ದರೂ ಅಂಕಿ ಏರಲ್ಲ, ಇಲ್ಲವೇ ಹೋಗಿರೋ ವಾಲ್ವನ್ನೇ ಆಯಿಲ್ ಮುಚ್ಚಿ ಅಂಕಿ ಏರಿಸುತ್ತದೆ. ಎರಡೂ ಮೋಸ. ಉದ್ದ ಮೂತಿಯ ಆಯಿಲ್ ಕ್ಯಾನನ್ನು ಬಗ್ಗಿಸಿ ಬೋರಿನ ಕಡೆಗೆ ಚಿಮುಕಿಸಬೇಕು. ಮೂರನೆಯದಕ್ಕೆ ಹಾಗೆ ಹಾಕಿದ್ರಾ?

ಮೈಸೂರು_ಟೂರರ್:
ಹೌದು, ಕ್ಯಾನ್ ಮೂತಿಗೆ ತೆಳು ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ ಆ ಕಡೆ ತಿರುಗಿಸಿಯೇ ಬಿಟ್ಟಿದ್ದು. ಎರಡು ಸಲ ತಿರುಗಿಸಿ ಹರಡಿದ ಮೇಲೆ ಅಳೆದೆ.

ಸೆವೆನ್_ಪ್ರೇಮಿ:
ಹಾಗಾದರೆ ಒಪ್ಪಿದೆ. ಇನ್ನು ಯಾವ ವಾಲ್ವ್ ಅನ್ನೋದಕ್ಕೆ ಗಾಳಿ ಪರೀಕ್ಷೆ ಮಾಡಿ. ವಾಲ್ವ್ ಕವರ್ ತೆಗೆದು ಮೂರನೆಯದರ ಎರಡೂ ಟಪೆಟ್ (ವಾಲ್ವನ್ನು ಕೆಳಗಿಂದ ಎತ್ತುವ ತುಂಡು) ಸಡಿಲ ಇರುವ ಹಾಗೆ ಪಿಸ್ಟನ್ ಮೇಲಕ್ಕೆ ತನ್ನಿ. ಪ್ಲಗ್ ತೂತಿಗೆ ಪಂಕ್ಚರ್ ಅಂಗಡಿ ಕಂಪ್ರೆಸರಿನ ಗಾಳಿ ಬಿಡಿ, 30 ಪೌಂಡ್ ಸಾಕು. ಕಾರ್ಬುರೇಟರ್ ಬಾಯಲ್ಲಿ ಸುಯ್ ಅಂದರೆ ಇನ್ಲೆಟ್. ಸೈಲೆನ್ಸರ್ ತುದಿಯಲ್ಲಿ ಬಂದರೆ ಎಕ್ಸಾಸ್ಟ್. ಆಯಿಲ್ ತುಂಬಿಸುವ ಬಾಯಲ್ಲಿ ಬಂದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ, ಅಥವಾ ಪಕ್ಕದ ಪ್ಲಗ್ ತೂತಿನಿಂದ ಗಾಳಿ ಬಂದರೆ, ಗ್ಯಾಸ್ಕೆಟ್. ಕಿವಿಗೆ ಒಂದು ಗಜ ರಬ್ಬರ್ ಪೈಪ್ ಹಿಡಿದು ಇನ್ನೊಂದು ತುದಿ ಎಲ್ಲ ಕಡೆ ಆಡಿಸಿ.

ಮಿಷಿಗನ್_ಕನ್ನಡತಿ:
ಟಿಯಲ್ಲಿ ಇದನ್ನು ಮಾಡುವಾಗ ಚಕ್ರಕ್ಕೆ ಕಲ್ಲು ಕೊಡಲೇಬೇಕು. ಗಾಳಿ ಒತ್ತಿದಾಗ ಪಿಸ್ಟನ್ ಇಳಿಯದಿರಲು ಹ್ಯಾಂಡ್ ಲಿವರ್ ಮುಂದಕ್ಕೆ ಹಾಕಿ ಎಂಜಿನ್ನನ್ನು ಚಕ್ರಕ್ಕೆ ಸೇರಿಸಬೇಕು. ಆದರೆ ಆ ಲಿವರ್ ಮುಂದೆ ಹೋದರೆ ಬ್ರೇಕೂ ಬಿಟ್ಟುಹೋಗುತ್ತದೆ. ಬೇರೆ ಗಾಡಿ ಓಡಿಸಿ ಅಭ್ಯಾಸ ಇರುವವರಿಗೆ ಇದು ಹೊಳೆಯುವುದೇ ಇಲ್ಲ.

ಕರಾವಳಿ_ಬಸ್ಸು:
ನಮ್ಮ ಹಳೇ ಮೇಸ್ತ್ರಿ ಸೈಲೆನ್ಸರ್ ತುದಿಗೆ ಪೇಪರ್ ಹಿಡಿಯುತ್ತಿದ್ದರು. ಎಂಜಿನ್ ಓಡುವಾಗ ಪೇಪರ್ ಹೊರಕ್ಕೇ ಒದರುತ್ತಾ ಇದ್ದರೆ ಸರಿ. ಆಗಾಗ ಒಳಕ್ಕೆ ಚಪ್ಪನೆ ಅಂಟಿದರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿದೆ ಅಂತ. ಖರ್ಚೇ ಇಲ್ಲ.

ಮಿಷಿಗನ್_ಕನ್ನಡತಿ:
ಸೈಲೆನ್ಸರ್ ದೊಡ್ಡದಿದ್ದರೆ ಆ ಎಳೆತ ಅಲ್ಲೇ ಕರಗಿಹೋಗುತ್ತದೆ ಅಣ್ಣ. ಟಿಯಲ್ಲಿ ನಾನು ಅದನ್ನು ನಂಬಲ್ಲ. ಮಿಸ್ಸಿಂಗ್ ಇದ್ದರೂ ಪೇಪರ್ ಅಲ್ಲಾಡುತ್ತದೆ, ಅದು ಕಾಯಿಲಿನದ್ದೂ ಆಗಿರಬಹುದು.

ಕರಾವಳಿ_ಬಸ್ಸು:
ಕಾಯಿಲ್ ಪರೀಕ್ಷೆ ಮಾಡಿ ಆಗಿದೆಯಲ್ಲ? ಆಮೇಲೆ ಹಿಡಿದರೆ ತಪ್ಪೇನು? ಪೇಪರ್ ಒಂದನ್ನೇ ನಂಬಿ ಅಂತ ನಾನು ಹೇಳ್ತಿಲ್ಲ.

ಮೈಸೂರು_ಟೂರರ್:
ಗಾಳಿ ಬಿಟ್ಟೆ. ಸೈಲೆನ್ಸರ್ ತುದಿಯಲ್ಲಿ ಕಿವಿಗೆ ಪೈಪೂ ಬೇಡ, ಎರಡು ಮಾರು ದೂರಕ್ಕೇ ಕೇಳುತ್ತದೆ. ಕಾರ್ಬುರೇಟರಿನಲ್ಲಿ ಸದ್ದಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆಯೂ ಇಲ್ಲ.

ಜೆಸಿರೋಡ್_ವಾಸಿ:
ಎಕ್ಸಾಸ್ಟ್ ವಾಲ್ವ್. ಮುಂದಿನಿಂದ ಎಣಿಸಿದರೆ ಐದನೆಯದು. ಟಿಯಲ್ಲಿ ಸಾಲು ಹೀಗೆ: ಎಕ್ಸಾಸ್ಟ್, ಇನ್ಲೆಟ್, ಇನ್ಲೆಟ್, ಎಕ್ಸಾಸ್ಟ್, ಎಕ್ಸಾಸ್ಟ್, ಇನ್ಲೆಟ್, ಇನ್ಲೆಟ್, ಎಕ್ಸಾಸ್ಟ್. ನಡುವೆ ಎರಡು ಎಕ್ಸಾಸ್ಟ್ ಅಕ್ಕಪಕ್ಕ ಕೂತಿರೋದು ನೋಡಿ, ಅಲ್ಲಿ ಬಿಸಿ ಜಾಸ್ತಿ.

ಪದ್ಮಿನಿ_ಪಕ್ಕಾ:
ಇದಕ್ಕೆಲ್ಲ ಕಾರಣ ಲೆಡ್ ಇಲ್ಲದ ಪೆಟ್ರೋಲ್. ಹಳೇ ಗಾಡಿಗಳೆಲ್ಲ ಲೆಡ್ ಪೆಟ್ರೋಲಿಗೆ ಮಾಡಿದ್ದು. 2000ದಲ್ಲಿ ಅದನ್ನು ನಿಲ್ಲಿಸಿದ ಮೇಲೆ ವಾಲ್ವ್ ಸೀಟ್ (ವಾಲ್ವ್ ಕೂರುವ ಅಂಚು) ತಿನ್ನೋಕೆ ಶುರುವಾಯಿತು. ಲೆಡ್ ಬದಲಿ ಸೀಸೆ ಸಿಗುತ್ತೆ, ಪ್ರತಿ ಟ್ಯಾಂಕಿಗೂ ಹಾಕಿ.

ಫಿಸಿಕ್ಸ್_ಮೇಷ್ಟ್ರು:
ನಿಮ್ಮ ಪದ್ಮಿನಿ ಮಟ್ಟಿಗೆ ಆ ಮಾತು ಚರ್ಚೆಗೆ ಬರುತ್ತದೆ. ಟಿ ಮಾಡೆಲ್ ಬಂದಿದ್ದು 1908ರಲ್ಲಿ. ಲೆಡ್ ಸೇರಿಸಿದ ಪೆಟ್ರೋಲ್ ಮೊದಲು ಮಾರಿದ್ದು 1923ರ ಫೆಬ್ರವರಿಯಲ್ಲಿ, ಅಮೆರಿಕದ ಡೇಟನ್ ಊರಿನಲ್ಲಿ. ಹದಿನೈದು ವರ್ಷ ಲಕ್ಷಗಟ್ಟಲೆ ಟಿಗಳು ಲೆಡ್ ಮುಖವನ್ನೇ ನೋಡದೆ ಓಡಿದವು. ಲೆಡ್ ಹಾಕಿದ್ದೂ ನಾಕ್ ತಡೆಯಲಿಕ್ಕೆ. ಸೀಟ್ ಉಳಿಸಲಿಕ್ಕೆ ಹಾಕಿದ್ದಲ್ಲ, ಅದು ಪಕ್ಕದಲ್ಲಿ ಸಿಕ್ಕ ಲಾಭ.

ಸೀಟ್ ತಿನ್ನುವುದು ಯಾವಾಗ ಅಂದರೆ, ಕೆಂಪಗೆ ಕಾದ ವಾಲ್ವ್ ಮೆತ್ತನೆಯ ಎರಕದ ಕಬ್ಬಿಣಕ್ಕೆ ಬಡಿದಾಗ ಎರಡೂ ಸೂಕ್ಷ್ಮವಾಗಿ ಅಂಟಿಕೊಂಡು ಕಿತ್ತು ಬರುತ್ತವೆ. ಜಾಸ್ತಿ ಸ್ಪೀಡು, ಜಾಸ್ತಿ ಲೋಡು ಇದ್ದರೆ ಬೇಗ. ಗಂಟೆಗೆ ಮೂವತ್ತು ಮೈಲಿ ಓಡುವ ಟಿಯಲ್ಲಿ ತುಂಬ ನಿಧಾನ.

ಪದ್ಮಿನಿ_ಪಕ್ಕಾ:
ಹಾಗಾದರೆ ಇವರ ವಾಲ್ವ್ ಯಾಕೆ ಸುಟ್ಟಿತು?

ಫಿಸಿಕ್ಸ್_ಮೇಷ್ಟ್ರು:
ಟಪೆಟ್ ಸಂದು ಅಳೆಯಲಿ, ಉತ್ತರ ಅಲ್ಲಿರಬಹುದು.

ಸೆವೆನ್_ಪ್ರೇಮಿ:
ತೆಳ್ಳಗಿನ ಮಿಶ್ರಣವೂ ಕಾರಣ ಆಗಬಹುದು. ಈಗ ಬಂಕಿನಲ್ಲಿ ಸಿಗೋದು ಶೇಕಡಾ 20 ಎಥನಾಲ್ ಸೇರಿದ ಪೆಟ್ರೋಲ್. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನ ಅದೇ ಜೆಟ್ಟಿನಲ್ಲಿ (ಪೆಟ್ರೋಲ್ ಬರುವ ತೂತು) ಮಿಶ್ರಣ ಶೇಕಡಾ 7-8ರಷ್ಟು ತೆಳುವಾಗುತ್ತದೆ. ಈಗಿನ ಕಾರಲ್ಲಿ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತೆ, ನಮ್ಮ ಗಾಡಿಯಲ್ಲಿ ನಾವೇ ಮಾಡಬೇಕು.

ಮಿಷಿಗನ್_ಕನ್ನಡತಿ:
ಟಿಯಲ್ಲಿ ಅದು ಸುಲಭ. ಡ್ರೈವರ್ ಸೀಟಿನಿಂದಲೇ ಕಾರ್ಬುರೇಟರ್ ರಾಡ್ ಸಿಗುತ್ತದೆ. ಎಳೆದರೆ ಚೋಕ್, ಎಡಕ್ಕೆ ತಿರುಗಿಸಿದರೆ ಸೂಜಿ ತೆರೆದು ಮಿಶ್ರಣ ಗಟ್ಟಿಯಾಗುತ್ತದೆ. ಕಾಲು ಸುತ್ತು ತೆರೆದು ಓಡಿಸಿ ನೋಡಿ. ನನ್ನ ಚಿಂತೆ ಬೇರೆ. ಹಳೇ ಕಾರ್ಬುರೇಟರಿನ ಕಾರ್ಕ್ ಫ್ಲೋಟಿಗೆ ಅರಗು ಬಳಿದಿರುತ್ತಾರೆ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಕಾರ್ಕ್ ಪೆಟ್ರೋಲ್ ಕುಡಿದು ಮುಳುಗಿದರೆ ಕಾರ್ಬುರೇಟರ್ ತುಂಬಿ ಹರಿಯುತ್ತದೆ. ಎಥನಾಲ್ ತಡೆಯುವ ಲೇಪ ಹಾಕಿಸಿ, ಇಲ್ಲವೇ ಹಿತ್ತಾಳೆ ಫ್ಲೋಟಿಗೆ ಬದಲಿಸಿ.

ಹೊಸಬ_99:
ವಿಷಯ ಬಿಟ್ಟು ಒಂದು ಪ್ರಶ್ನೆ. ಟಿ ಮಾಡೆಲ್ ಎಲ್ಲ ಕಪ್ಪು ಬಣ್ಣ ಅಂತಾರಲ್ಲ, ನಿಮ್ಮದೂ ಕಪ್ಪಾ?

ಮಿಷಿಗನ್_ಕನ್ನಡತಿ:
ಬರೀ ಕಪ್ಪು ಇದ್ದಿದ್ದು 1914ರಿಂದ 1925ರವರೆಗೆ. ಅದಕ್ಕೆ ಮುಂಚೆ ಬೇರೆ ಬಣ್ಣ ಇತ್ತು, 1926ಕ್ಕೆ ಮತ್ತೆ ಬಂತು. ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಸಾಲಿನಲ್ಲಿ ಗಾಡಿ ಜೋಡಿಸಲು ಶುರುಮಾಡಿದ್ದು 1913ರಲ್ಲಿ. ಟಿ ಹುಟ್ಟಿದ ಪಿಕೆಟ್ ಅವೆನ್ಯೂ ಕಟ್ಟಡ ಈಗ ಮ್ಯೂಸಿಯಂ, ಡೆಟ್ರಾಯಿಟ್ ಕಡೆ ಬಂದರೆ ತಪ್ಪಿಸಬೇಡಿ.

ಕರಾವಳಿ_ಬಸ್ಸು:
ಅಷ್ಟು ದೂರ ಯಾಕೆ, ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರ್ ಮ್ಯೂಸಿಯಂ ನೋಡಿ. ಊಟ ಆದ ಮೇಲೆ ಎಲ್ಲರೂ ನೇರ ಬಸ್ಸಿಗೆ ಓಡ್ತಾರೆ. ಹಳೇ ಗಾಡಿ ಇಷ್ಟ ಇರೋರಿಗೆ ಒಂದು ಮಧ್ಯಾಹ್ನ ಸಾಲಲ್ಲ.

ಮೈಸೂರು_ಟೂರರ್:
ನಮ್ಮದು ಯಾವಾಗಲೋ ಹಸಿರು ಬಳಿದಿದ್ದಾರೆ. ಬಣ್ಣದ ಮಾತು ಆಮೇಲೆ. ಟಪೆಟ್ ಸಂದು ಅಳೆದೆ. ಏಳು ವಾಲ್ವಿನಲ್ಲಿ 18ರಿಂದ 22 ಥೌ (ಇಂಚಿನ ಸಾವಿರದ ಒಂದು ಪಾಲು) ಬಂತು. ಆ ಐದನೆಯದರಲ್ಲಿ 6 ಥೌ ಫೀಲರ್ ಕೂಡ ಹೋಗುತ್ತಿಲ್ಲ. ವಿಚಿತ್ರ ಅಂದರೆ ಅದೊಂದೇ ಸದ್ದು ಮಾಡುತ್ತಿರಲಿಲ್ಲ. ಉಳಿದವು ಟಿಕ್ ಟಿಕ್ ಅಂತವೆ, ಅದು ಮೌನ.

ಹುಬ್ಬಳ್ಳಿ_ಲೇತ್:
ಇದೇ ನೋಡ್ರಿ ಮೂಲ. ಫೋರ್ಡ್‌ನವರು ಹೇಳಿದ ಸಂದು ಒಂದು ಇಂಚಿನ 64ನೇ ಒಂದು ಪಾಲಿನಿಂದ 32ನೇ ಒಂದು ಪಾಲಿನ ತನಕ, ಅಂದರೆ ಸುಮಾರು 16ರಿಂದ 31 ಥೌ. ವಾಲ್ವ್ ಸೀಟಿನೊಳಗೆ ಕುಸಿದಷ್ಟೂ ಅದರ ಕಾಂಡ ಕೆಳಗಿಳಿದು ಟಪೆಟ್ಟಿಗೆ ಹತ್ತಿರ ಆಗುತ್ತದೆ. ಎಂಜಿನ್ ಕಾದಾಗ ಕಾಂಡ ಉದ್ದವಾಗುತ್ತದೆ, ಉಳಿದ ಸಂದೂ ಮುಚ್ಚುತ್ತದೆ. ಆಗ ವಾಲ್ವ್ ಪೂರ್ತಿ ಕೂರಂಗಿಲ್ಲ. ವಾಲ್ವ್ ತನ್ನ ಬಿಸಿಯನ್ನು ಇಳಿಸೋದೇ ಸೀಟಿಗೆ ತಾಗಿದಾಗ. ತಾಗದಿದ್ದರೆ ಅಂಚು ಸುಡುತ್ತದೆ, ಬೆಂಕಿ ಅಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಸದ್ದು ಮಾಡೋ ಟಪೆಟ್ ಕೇಳಿ ಗಿರಾಕಿಗಳು ಹೆದರ್ತಾರೆ, "ಸದ್ದು ನಿಲ್ಲಿಸಿ ಕೊಡ್ರಿ" ಅಂತಾರೆ. ನನ್ನ ಕೇಳಿದರೆ ಸದ್ದು ಮಾಡೋ ವಾಲ್ವ್ ಬದುಕಿದೆ. ಹೆದರಬೇಕಾದ್ದು ಇದ್ದಕ್ಕಿದ್ದಂತೆ ಸುಮ್ಮನಾದ ವಾಲ್ವಿಗೆ.

ಸೆವೆನ್_ಪ್ರೇಮಿ:
ನೂರಕ್ಕೆ ನೂರು ನಿಜ. ಸೆವೆನ್‌ನಲ್ಲಿ ಸಂದೇ ನಾಲ್ಕರಿಂದ ಆರು ಥೌ. ಸೀಟ್ 0.1 ಮಿಲಿಮೀಟರ್ ಕುಸಿದರೆ ನಾಲ್ಕು ಥೌ ಖಾಲಿ. ನಮಗಾದರೆ ಟಪೆಟ್ಟಿನಲ್ಲಿ ಅಡ್ಜಸ್ಟ್ ಮಾಡೋ ಬೋಲ್ಟ್ ಇದೆ. ಮೂಲ ಟಿಯಲ್ಲಿ ಅದೂ ಇಲ್ಲ, ವಾಲ್ವ್ ಕಾಂಡದ ತುದಿಯನ್ನೇ ಉಜ್ಜಿ ಸಂದು ಕೊಡಬೇಕು.

ಮೈಸೂರು_ಟೂರರ್:
ಹೆಡ್ ಬಿಚ್ಚಿದೆವು. ನೀರು ಮೊದಲೇ ಇಳಿಸಿದ್ದೆ, ಬೋಲ್ಟುಗಳಿಗೆ ಹಿಂದಿನ ದಿನವೇ ಡೀಸೆಲ್ ಬಿಟ್ಟಿದ್ದೆ, ಒಂದೂ ಮುರಿಯಲಿಲ್ಲ. ಐದನೇ ವಾಲ್ವ್ ನೋಡಿದ ತಕ್ಷಣ ಗೊತ್ತಾಯಿತು. ಉಳಿದ ವಾಲ್ವುಗಳ ಅಂಚಿನಲ್ಲಿ ಸುತ್ತ ಒಂದೇ ಸಮನೆ ಬೂದು ಬಣ್ಣದ ಪಟ್ಟಿ ಇದೆ. ಇದರಲ್ಲಿ ಆ ಪಟ್ಟಿ ಒಂದು ಕಡೆ ಕಡಿದುಹೋಗಿದೆ. ಅಲ್ಲಿ ಕಡಲೆಬೇಳೆಯಷ್ಟು ಅಗಲಕ್ಕೆ ಅಂಚು ಕರಗಿ ಒಳಕ್ಕೆ ಬಾಗಿದೆ, ಅದರ ಎದುರು ಸೀಟಿನ ಮೇಲೆ ಕಪ್ಪು ಗೆರೆ. ವಾಲ್ವ್ ಎತ್ತಿ ಹಿಡಿದು ಅಲ್ಲಾಡಿಸಿದರೆ ಗೈಡಿನಲ್ಲಿ ಎರಡೂ ಕಡೆ ವಾಲುತ್ತದೆ, ಪಕ್ಕದ್ದು ಅಷ್ಟು ವಾಲಲ್ಲ. ಬೋರಿನಲ್ಲಿ ಉಗುರಿಗೆ ತಡೆಯುವ ಏಣು ಇಲ್ಲವೇ ಇಲ್ಲ.

ಜೆಸಿರೋಡ್_ವಾಸಿ:
ಬೋರ್ ಮಾಡಿಸಿ ಅಂದವರಿಗೆ ಈ ವಾಲ್ವ್ ತೋರಿಸಿ.

ಮಿಷಿಗನ್_ಕನ್ನಡತಿ:
ವಾಲ್ವ್ ತಲೆಯ ಮೇಲೆ ನಡುವೆ ಕಾಂಡದ ತುದಿ ದುಂಡಗೆ ಬೇರೆಯಾಗಿ ಕಾಣುತ್ತಿದೆಯಾ? ಹಾಗಿದ್ದರೆ ಅದು ಫೋರ್ಡಿನ ಮೂಲ ಎರಡು ತುಂಡಿನ ವಾಲ್ವ್, ಎರಕದ ಕಬ್ಬಿಣದ ತಲೆ, ಉಕ್ಕಿನ ಕಾಂಡ. ಅದನ್ನು ಮತ್ತೆ ಹಾಕಲೇಬೇಡಿ. ಓಡುವಾಗ ತಲೆ ಕಳಚಿ ಪಿಸ್ಟನ್ ಮೇಲೆ ಬಿದ್ದರೆ ಪಿಸ್ಟನ್ನೂ ಹೆಡ್ಡೂ ಒಟ್ಟಿಗೆ ಹೋಗುತ್ತವೆ. ಈಗ ಟಿಗೆ ಒಂದೇ ತುಂಡಿನ ಸ್ಟೇನ್‌ಲೆಸ್ ವಾಲ್ವ್ ಹೊಸದಾಗಿಯೇ ಸಿಗುತ್ತದೆ. ಎಂಟನ್ನೂ ಬದಲಿಸಿ.

ಮೈಸೂರು_ಟೂರರ್:
ಹೌದು, ದುಂಡಗೆ ಕಾಣುತ್ತದೆ. ಎಂಟೂ ಹಾಗೇ ಇವೆ. ಗೈಡಿಗೆ ಏನು ಮಾಡೋದು?

ಹುಬ್ಬಳ್ಳಿ_ಲೇತ್:
ಟಿಯಲ್ಲಿ ಗೈಡ್ ಬೇರೆ ತುಂಡಲ್ಲ, ಬ್ಲಾಕಿನಲ್ಲೇ ಕೊರೆದ ತೂತು. ಅದನ್ನು ರೀಮರ್ ಹಾಕಿ ದೊಡ್ಡದು ಮಾಡಿ, ಒಂದು ಇಂಚಿನ 64ನೇ ಒಂದು ಪಾಲು ದಪ್ಪ ಕಾಂಡದ ವಾಲ್ವ್ ತರಿಸಬೇಕು. ಮೊದಲು ಗೈಡ್, ಆಮೇಲೆ ಸೀಟ್. ಸೀಟ್ ಕತ್ತರಿಸೋ ಕಟ್ಟರ್ ಗೈಡಿನ ಆಧಾರದ ಮೇಲೇ ತಿರುಗೋದು. ವಾಲುವ ಗೈಡಿನಲ್ಲಿ ಸೀಟ್ ಕತ್ತರಿಸಿದರೆ ಅದೂ ವಾಲಿಕೊಂಡೇ ಬರುತ್ತದೆ. ಇದನ್ನು ಉಲ್ಟಾ ಮಾಡೋ ಅಂಗಡಿಗೆ ಬ್ಲಾಕ್ ಕೊಡಬೇಡಿ.

ಪದ್ಮಿನಿ_ಪಕ್ಕಾ:
ಸೀಟ್ ಕುಸಿದಿದೆ ಅಂದ ಮೇಲೆ ಗಟ್ಟಿ ಸೀಟ್ ರಿಂಗ್ ಕೂರಿಸಿಬಿಡಿ. ಮತ್ತೆ ಜನ್ಮದಲ್ಲಿ ಆ ಕಡೆ ನೋಡೋದು ಬೇಡ.

ಹುಬ್ಬಳ್ಳಿ_ಲೇತ್:
ರಿಂಗ್ ಕೂರಿಸಲು ಬ್ಲಾಕ್ ಆಳಕ್ಕೆ ಕೊರೆಯಬೇಕು. ಅದರ ಕೆಳಗೆ, ಪಕ್ಕದಲ್ಲಿ ನೀರಿನ ಜಾಗ. ಒಳಗಿಂದ ತುಕ್ಕು ಎಷ್ಟು ತಿಂದಿದೆ ಅಂತ ಹೊರಗಿಂದ ಕಾಣಂಗಿಲ್ಲ. ಗೋಡೆ ತೂತಾದರೆ ಬ್ಲಾಕ್ ಹೋದಂಗೆ. ಕಟ್ಟರ್ ಎರಡು ಸುತ್ತು ಹಾಕಿ ಕಪ್ಪು ಗೆರೆ ಹೋಗಿ ಬಿಳಿ ಲೋಹ ಸುತ್ತಲೂ ಬಂತು ಅಂದರೆ ರಿಂಗ್ ಬೇಕಾಗಿಲ್ಲ. ಹೋಗದೆ ಇದ್ದರೆ ಆಗ ಮಾತಾಡೋಣ. ಬೇಕಿಲ್ಲದ ಕಡೆ ಲೋಹ ತೆಗೆಯಬಾರದು, ಒಮ್ಮೆ ತೆಗೆದದ್ದು ವಾಪಸ್ ಬರಂಗಿಲ್ಲ.

ಪದ್ಮಿನಿ_ಪಕ್ಕಾ:
ಒಳ್ಳೆ ಅಂಗಡಿಯಲ್ಲಿ ಮಾಡಿಸಿದರೆ ಏನೂ ಆಗಲ್ಲ ರೀ. ಎಷ್ಟೋ ಜನ ಮಾಡಿಸಿದ್ದಾರೆ.

ಸೆವೆನ್_ಪ್ರೇಮಿ:
ಮಾಡಿಸಿದವರೂ ಇದ್ದಾರೆ, ಬ್ಲಾಕ್ ಬಿರುಕು ಬಿಟ್ಟವರೂ ಇದ್ದಾರೆ. ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಡುವ ಗಾಡಿಗೆ ಆ ಅಪಾಯ ಯಾಕೆ? ನಾನು ಹುಬ್ಬಳ್ಳಿಯವರ ಕಡೆ.

ಮೈಸೂರು_ಟೂರರ್:
ಕಟ್ಟರ್ ಹಾಕಿಸಿದೆ. ಗೆರೆ ಪೂರ್ತಿ ಹೋಯಿತು, 45 ಡಿಗ್ರಿ, ಸೀಟ್ ಅಗಲ ಒಂದೂವರೆ ಮಿಲಿಮೀಟರ್. ರಿಂಗ್ ಹಾಕಿಸುತ್ತಿಲ್ಲ. ವಾಲ್ವ್ ಬಂದ ಮೇಲೆ ಲ್ಯಾಪಿಂಗ್ (ಪೇಸ್ಟ್ ಹಚ್ಚಿ ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸೋದು) ನಾನೇ ಮಾಡಬೇಕು ಅಂತಿದ್ದೇನೆ. ಯಾವ ಪೇಸ್ಟ್, ಎಷ್ಟು ಹೊತ್ತು?

ಕರಾವಳಿ_ಬಸ್ಸು:
ಹೊಸ ಸೀಟಿಗೆ ದಪ್ಪ ಪೇಸ್ಟ್ ಬೇಡ, ನಯದ್ದೇ ಸಾಕು. ಒಂದೇ ದಿಕ್ಕಿಗೆ ಗಿರಗಿರ ತಿರುಗಿಸಬೇಡಿ. ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ, ಆಗಾಗ ಎತ್ತಿ ಜಾಗ ಬದಲಿಸಿ ಕೂರಿಸಿ. ಗರಗರ ಸದ್ದು ನಿಂತು ನಯವಾದರೆ ಒರೆಸಿ ನೋಡಿ. ಗಡಿಯಾರ ನೋಡಿ ಮಾಡುವ ಕೆಲಸ ಅಲ್ಲ. ಅತಿಯಾಗಿ ಉಜ್ಜಿದರೂ ಸೀಟ್ ಅಗಲ ಆಗಿ ಹಾಳು.

ಜೆಸಿರೋಡ್_ವಾಸಿ:
ಕೂತಿದೆಯಾ ಅಂತ ನೋಡೋಕೆ ವಾಲ್ವ್ ಅಂಚಿಗೆ ಪೆನ್ಸಿಲಿನಿಂದ ಅಡ್ಡ ಗೆರೆಗಳನ್ನು ಸುತ್ತ ಎಳೆಯಿರಿ, ಸೀಟಿನಲ್ಲಿ ಕೂರಿಸಿ ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಎಲ್ಲ ಗೆರೆಯೂ ಕಡಿದಿರಬೇಕು. ಒಂದು ಗೆರೆ ಹಾಗೇ ಉಳಿದಿದ್ದರೆ ಅಲ್ಲಿ ತಾಗುತ್ತಿಲ್ಲ. ಆಮೇಲೆ ಸ್ಪ್ರಿಂಗ್ ಹಾಕಿ ಮೇಲಿಂದ ವಾಲ್ವ್ ತಲೆಯ ಸುತ್ತ ಸೀಮೆಎಣ್ಣೆ ಬಿಟ್ಟು ಪೋರ್ಟಿನಲ್ಲಿ ಟಾರ್ಚ್ ಹಾಕಿ ನೋಡಿ, ಒದ್ದೆ ಆಗಬಾರದು.

ಹುಬ್ಬಳ್ಳಿ_ಲೇತ್:
ಎರಡು ಮಾತು ಸೇರಿಸ್ತೀನ್ರಿ. ಸಂದು ಕೊಡೋದು ಲ್ಯಾಪಿಂಗ್ ಮುಗಿದ ಮೇಲೆ. ಮೊದಲೇ ಕಾಂಡ ಉಜ್ಜಿ 16 ಕೊಟ್ಟರೆ ಲ್ಯಾಪಿಂಗ್ ಆದಾಗ ವಾಲ್ವ್ ಇಳಿದು ಅದು 14 ಆಗಿರುತ್ತದೆ. ಎಕ್ಸಾಸ್ಟಿಗೆ 20 ಇಟ್ಟುಬಿಡಿ, ಸ್ವಲ್ಪ ಸದ್ದು ಮಾಡಲಿ. ಇನ್ನೊಂದು, ಪೇಸ್ಟ್ ಅಂದರೆ ಸವೆಸೋ ಪುಡಿ. ಒಂದು ಹನಿ ಬೋರಿಗೆ ಬಿದ್ದರೂ ರಿಂಗ್ ತಿನ್ನುತ್ತದೆ. ಶುರು ಮಾಡೋ ಮೊದಲು ನಾಲ್ಕೂ ಬೋರಿಗೆ, ಪೋರ್ಟಿಗೆ ಬಟ್ಟೆ ತುರುಕಿ. ಮುಗಿದ ಮೇಲೆ ಗೈಡಿನ ತೂತನ್ನೂ ಸೀಮೆಎಣ್ಣೆ ಬ್ರಷ್ ಹಾಕಿ ತೊಳೆಯಿರಿ. ಸೀಟ್ ಎಲ್ಲರೂ ಒರೆಸ್ತಾರೆ, ಗೈಡ್ ಮರೀತಾರೆ.

ಮಿಷಿಗನ್_ಕನ್ನಡತಿ:
ಸ್ಪ್ರಿಂಗುಗಳನ್ನೂ ಹೊಸದರ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಇರುವುದನ್ನು ಹಾಕಬೇಡಿ. ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ 50 ಅಡಿ-ಪೌಂಡಿಗೆ ನಿಲ್ಲಿಸಿ. ಒಮ್ಮೆ ಬಿಸಿ ಮಾಡಿ ಆರಿದ ಮೇಲೆ ಮತ್ತೆ ಬಿಗಿಯಿರಿ. ಕಂಪ್ರೆಷನ್ ಆಗ ಅಳೆದು ನಾಲ್ಕೂ ಅಂಕಿ ಒಂದು ಕಡೆ ಬರೆದಿಡಿ, ಟಪೆಟ್ ಸಂದು ಎಂಟೂ ಬರೆದಿಡಿ. ಮುಂದಿನ ಸಲ ಅಳೆದಾಗ ಯಾವುದು ಇಳಿಯುತ್ತಿದೆ ಅಂತ ಗಾಡಿ ಕುಂಟುವ ಮೊದಲೇ ಕಾಣುತ್ತದೆ.

ಮೈಸೂರು_ಟೂರರ್:
ವಾಲ್ವ್ ಇನ್ನೂ ಬಂದಿಲ್ಲ. ಬ್ಲಾಕಿಗೆ ಆಯಿಲ್ ಸವರಿ ಬಟ್ಟೆ ಮುಚ್ಚಿಟ್ಟಿದ್ದೇನೆ. ಹಾಕಿದ ಮೇಲೆ ಅಂಕಿ ಇಲ್ಲೇ ಬರೆಯುತ್ತೇನೆ. ಸ್ಪ್ರಿಂಗ್ ಈಗಲೇ ಹೋಲಿಸಿ ನೋಡಿದೆ ಮೇಡಂ, ಎರಡು ಗಿಡ್ಡ ಇವೆ, ಅದರಲ್ಲಿ ಒಂದು ಐದನೆಯದೇ.

ಹೊಸಬ_99:
ನಮ್ಮ ಮಾವನ ಮನೆಯಲ್ಲಿ ಒಂದು ಎ ಮಾಡೆಲ್ ಫೋರ್ಡ್ ನಿಂತಿದೆ, 1930ರದ್ದು. ಅದಕ್ಕೂ ಇದೇ ಪರೀಕ್ಷೆ ನಡೆಯುತ್ತಾ?

ಹುಬ್ಬಳ್ಳಿ_ಲೇತ್:
ನಡೆಯುತ್ತದ್ರಿ, ಅದೂ ಸೈಡ್ ವಾಲ್ವ್. ಆದರೆ ಅದರಲ್ಲಿ ಗೈಡ್ ಬೇರೆ ತುಂಡು, ಎರಡು ಹೋಳಾಗಿ ಬರುತ್ತದೆ. ಕಾಯಿಲ್ ಒಂದೇ, ಹಾಗಾಗಿ ಪಟ್ಟಿ ಒತ್ತೋ ಪರೀಕ್ಷೆ ಆಗಂಗಿಲ್ಲ, ಒಂದೊಂದೇ ಪ್ಲಗ್ಗಿನ ಕರೆಂಟ್ ಕಡಿದು ನೋಡಬೇಕು. ಎಷ್ಟು ವರ್ಷದಿಂದ ನಿಂತಿದೆ ಅಂತ ಮೊದಲು ಹೇಳ್ರಿ. ಬಹಳ ವರ್ಷ ಆಗಿದ್ದರೆ ವಾಲ್ವ್ ಗೈಡಿನಲ್ಲೇ ಅಂಟಿರುತ್ತದೆ, ಸ್ಟಾರ್ಟರ್ ಹೊಡೆಯಬೇಡಿ. ಪ್ಲಗ್ ತೆಗೆದು ಆಯಿಲ್ ಬಿಟ್ಟು, ವಾಲ್ವ್ ಕವರ್ ಬಿಚ್ಚಿ, ಕೈಯಲ್ಲಿ ತಿರುಗಿಸುತ್ತಾ ಎಂಟೂ ಮೇಲೆ ಹೋಗಿ ಕೆಳಗೆ ಬರ್ತಾವಾ ಅಂತ ನೋಡಿ.